ಶುಗರ್, ಬಿಪಿ ಬಗ್ಗೆ ಬರುವ ಅಧ್ಯಯನಗಳನ್ನು ಓದುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 46 ವರ್ಷ. ಖಾಲಿ ಹೊಟ್ಟೆಯ ಶುಗರ್ 112, ಟ್ರೈಗ್ಲಿಸರೈಡ್ 180, ಬಿಪಿ 134/86. ಇದು ಮೆಟಬಾಲಿಕ್ ಸಿಂಡ್ರೋಮ್ ಅಂದರು. ಓದಲು ಕೂತರೆ ಒಂದು ಅಧ್ಯಯನ ಅಪಾಯ 58% ಕಡಿಮೆ ಆಗುತ್ತದೆ ಅನ್ನುತ್ತದೆ, ಇನ್ನೊಂದು 25% ಅನ್ನುತ್ತದೆ. ನೀವು ಇದೇ ವಿಷಯದಲ್ಲಿ ಸಂಶೋಧನೆ ಮಾಡುವವರು. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ಆದರೆ ಯಾವುದರ ಅಪಾಯ ಅಂತ ಮೊದಲು ನೋಡಿ, ಗೊಂದಲ ಆಗುವುದೇ ಅಲ್ಲಿ. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಬಿಪಿ, ಶುಗರ್, ಈ ಐದರಲ್ಲಿ ಮೂರು ಹದ ತಪ್ಪಿದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ನೀವು ಹೇಳಿದ ಅಂಕಿಗಳ ಪ್ರಕಾರ ನಿಮಗೆ ಮೂರು ಆಗಿದೆ.

58% ಬಂದದ್ದು ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂನಿಂದ. ತೂಕ 7% ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ ಗುರಿ. ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ವರ್ಷಕ್ಕೆ ನೂರಕ್ಕೆ 11 ಜನರಿಗೆ ಸಕ್ಕರೆ ಕಾಯಿಲೆ ಬಂತು, ಈ ಗುರಿ ಹಿಡಿದವರಲ್ಲಿ ಸುಮಾರು 5 ಜನರಿಗೆ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಲ್ಲಿ ಸುಮಾರು 8. ಆದರೆ ಇದು ಸಕ್ಕರೆ ಕಾಯಿಲೆಯ ಲೆಕ್ಕ, ಹೃದಯಾಘಾತದ್ದಲ್ಲ. ಅದೇ ಜನರನ್ನು 21 ವರ್ಷ ಗಮನಿಸಿದಾಗ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲಾ ಗುಂಪಿನಲ್ಲೂ ಬಹಳ ಜನ ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ತಗೋತಾ ಇದ್ದರು ಅನ್ನುವುದನ್ನೂ ಮರೆಯಬಾರದು. ಇನ್ನೊಂದು ಕಡೆ, ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಅಧ್ಯಯನದಲ್ಲಿ ಆರು ವರ್ಷ ಊಟ, ವ್ಯಾಯಾಮ ಸರಿಮಾಡಿಕೊಂಡವರಿಗೆ 30 ವರ್ಷದ ಹೊತ್ತಿಗೆ ಹೃದಯದ ಕಾಯಿಲೆಯೂ ಕಡಿಮೆ, ಸಾವೂ ಕಡಿಮೆ. ನನಗೆ ತುಂಬಾ ಭರವಸೆ ಕೊಟ್ಟ ಫಲಿತಾಂಶ ಅದು.

ಪ್ರಶ್ನೆ: ಹಾಗಾದರೆ 25%?

ಉತ್ತರ: ಅದು ಬಿಪಿಯದು. 2015ರ ಸ್ಪ್ರಿಂಟ್ ಅಧ್ಯಯನ. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ತರಲು ಹೊರಟರೆ ಏನಾಗುತ್ತದೆ ಅಂತ ನೋಡಿದರು. ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 22 ಜನರಿಗೆ ಆಗುತ್ತಿದ್ದ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ 16-17ಕ್ಕೆ ಇಳಿಯಿತು. ಅದನ್ನೇ 25% ಅಂದಾಗ ದೊಡ್ಡದಾಗಿ ಕೇಳಿಸುತ್ತದೆ, ಅಲ್ವಾ? ಐದಾರು ಜನ ಉಳಿದುಕೊಂಡರು, ಅದು ಸಣ್ಣ ಮಾತಲ್ಲ. ಆದರೆ ಬಿಪಿ ವಿಪರೀತ ಇಳಿದವರು, ಕಿಡ್ನಿಗೆ ತೊಂದರೆ ಆದವರು ಜಾಸ್ತಿ ಮಾತ್ರೆಯ ಗುಂಪಿನಲ್ಲೇ ಹೆಚ್ಚು. ಅಲ್ಲಿದ್ದವರು 50 ದಾಟಿದವರು, ಹೃದಯದ ಅಪಾಯ ಮೊದಲೇ ಜಾಸ್ತಿ ಇದ್ದವರು, ಸಕ್ಕರೆ ಕಾಯಿಲೆ ಇಲ್ಲದವರು. ನಿಮಗೆ 46. ಆ 120ನ್ನು ನೇರವಾಗಿ ನಿಮಗೆ ಅಂಟಿಸಬೇಡಿ.

ಅಂದ ಹಾಗೆ, ನಿಮ್ಮ 134 ಅಳೆದದ್ದು ಹೇಗೆ?

ಪ್ರಶ್ನೆ: ಮೆಟ್ಟಿಲು ಹತ್ತಿ ಹೋದ ತಕ್ಷಣ. ಶರ್ಟಿನ ತೋಳಿನ ಮೇಲೇ ಪಟ್ಟಿ ಕಟ್ಟಿದರು, ನಾನು ಮಾತಾಡ್ತಾನೇ ಇದ್ದೆ.

ಉತ್ತರ: ಆ ಅಂಕಿಯನ್ನು ಪಕ್ಕಕ್ಕಿಡಿ. ಸ್ಪ್ರಿಂಟ್‌ನಲ್ಲಿ ಐದು ನಿಮಿಷ ಕೂರಿಸಿ, ಮೂರು ಸಲ ಅಳೆದು ಸರಾಸರಿ ತೆಗೆದಿದ್ದರು. ನೀವೂ ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಮಾತು ಬೇಡ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದದ್ದು 135/85 ದಾಟಿದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಎಚ್‌ಡಿಎಲ್ 34. ಅದನ್ನು ಏರಿಸೋ ಮಾತ್ರೆ ತಗೋಬಹುದಾ?

ಉತ್ತರ: ಅಂಕಿ ಏರಿಸುವುದಕ್ಕೇ ಅಂತ ಬೇಡ. ಟಾರ್ಸೆಟ್ರಾಪಿಬ್ ಅನ್ನುವ ಔಷಧಿ ಎಚ್‌ಡಿಎಲ್ಲನ್ನು 72% ಏರಿಸಿತು, ಆದರೆ ಅದನ್ನು ತಗೊಂಡವರಲ್ಲಿ ಸಾವು ಜಾಸ್ತಿ ಆಗಿ 2006ರಲ್ಲಿ ಅಧ್ಯಯನವನ್ನೇ ನಿಲ್ಲಿಸಿದರು. ನಿಮ್ಮ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟು, ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿತ್ತಾ? ಇವಿಷ್ಟನ್ನೂ ನಿಮ್ಮ ಡಾಕ್ಟರಿಗೆ ಹೇಳಿ, ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾ ಅಂತ ಕೇಳಿ.