ಗುಮ್ಮಟಕ್ಕೆ ಅನಿಮೇಷನ್: ಸೂರ್ಯ ಮೊಟ್ಟೆ ಥರ ಕಾಣುತ್ತಿದ್ದಾನೆ, ಏನು ಮಾಡಲಿ?

ವಿಜಯನಗರ_ಎಡಿಟರ್

ನಮಸ್ಕಾರ. ಹತ್ತು ವರ್ಷದಿಂದ ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಗ್ರಾಫಿಕ್ಸ್ ಎಲ್ಲಾ ಆಫ್ಟರ್ ಎಫೆಕ್ಟ್ಸ್‌ನಲ್ಲೇ. ನನ್ನ ಗೆಳೆಯರೊಬ್ಬರು ಗಾಳಿ ತುಂಬಿಸುವ ಗುಮ್ಮಟ ಹೊತ್ತುಕೊಂಡು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆಕಾಶ ತೋರಿಸುತ್ತಾರೆ. ನೆರಳಿಲ್ಲದ ದಿನದ ಬಗ್ಗೆ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳು ಕಾಲ ಕೆಳಗೇ ಬೀಳುವ ನಮ್ಮ ಬೆಂಗಳೂರಿನ ಏಪ್ರಿಲ್ 24ರ ಬಗ್ಗೆ, ಕನ್ನಡದಲ್ಲಿ 4 ನಿಮಿಷದ ಚಿತ್ರ ಬೇಕು ಅಂದರು. ಖುಷಿಯಿಂದ ಒಪ್ಪಿಕೊಂಡೆ. ಚಿಕ್ಕವನಿದ್ದಾಗ ಚೌಡಯ್ಯ ರಸ್ತೆಯ ನೆಹರು ತಾರಾಲಯದಲ್ಲಿ ದೀಪ ಆರಿದ ಕೂಡಲೇ ಅಮ್ಮನ ಕೈ ಹಿಡಿದುಕೊಂಡಿದ್ದು ಇನ್ನೂ ನೆನಪಿದೆ.

1920×1080ರಲ್ಲಿ ಮಾಡಿ, ಪೋಲಾರ್ ಕೋಆರ್ಡಿನೇಟ್ಸ್ ಎಫೆಕ್ಟ್ ಹಾಕಿ ಗುಂಡಗೆ ಸುತ್ತಿದೆ. ಗುಮ್ಮಟದೊಳಗೆ ಹಾಕಿ ನೋಡಿದರೆ ದಿಗಂತದ ಹತ್ತಿರ ಸೂರ್ಯ ಅಡ್ಡ ಮಲಗಿದ ಮೊಟ್ಟೆ. ನೆತ್ತಿಗೆ ಬಂದಾಗ ಉದ್ದಕ್ಕೆ ಸೀಳಿದ ಹಾಗೆ. ಹುಟ್ಟಿದ್ದು ಪಶ್ಚಿಮದಲ್ಲಿ! ಹಗಲಿನ ದೃಶ್ಯ ಬಂದಾಗ ಇಡೀ ಗುಮ್ಮಟ ಮಂಕಾಯಿತು. ಪ್ರೊಜೆಕ್ಟರ್ ಒಂದೇ, ಫುಲ್ ಎಚ್‌ಡಿ, ಫಿಶ್‌ಐ ಲೆನ್ಸ್ (ಚಿತ್ರವನ್ನು ಗುಮ್ಮಟದ ತುಂಬ ಹರಡುವಂಥದ್ದು). ತಿಳಿದವರು ದಯವಿಟ್ಟು ದಾರಿ ತೋರಿಸಿ.

ನೆತ್ತಿನಕ್ಷತ್ರ

ಮೊದಲು ಮನೆಯಲ್ಲಿರುವ ಛತ್ರಿ ತೆಗೆದುಕೊಳ್ಳಿ. ಎಂಟು ಕಡ್ಡಿಯದಾದರೆ ಒಳ್ಳೆಯದು, ಎಂಟು ದಿಕ್ಕಿಗೆ ಎಂಟು ಕಡ್ಡಿ. ದಕ್ಷಿಣಕ್ಕೆ ಮುಖ ಮಾಡಿ, ಬಿಚ್ಚಿ ತಲೆ ಮೇಲೆ ಹಿಡಿಯಿರಿ. ಎದುರಿನ ಕಡ್ಡಿ ದಕ್ಷಿಣ. ಎಡಗೈ ಕಡೆಯದು ಪೂರ್ವ. ಕೋಲು ಸೇರುವ ಜಾಗ ನೆತ್ತಿ. ಈಗ ಸ್ಟಿಕ್ಕರ್ ಬೊಟ್ಟು ತೆಗೆದುಕೊಂಡು, ಪೂರ್ವದ ಕಡ್ಡಿಯಿಂದ ಸುಮಾರು 13 ಡಿಗ್ರಿ ಬೆನ್ನಿನ ಕಡೆಗೆ ಸರಿಸಿ ಅಂಚಿನಲ್ಲಿ ಒಂದು ಅಂಟಿಸಿ. ಏಪ್ರಿಲ್ 24ರಂದು ನಮ್ಮ ಸೂರ್ಯ ಹುಟ್ಟುವುದು ಅಲ್ಲಿ, ನೇರ ಪೂರ್ವದಲ್ಲಲ್ಲ. ಕೋಲು ಸೇರುವ ನೆತ್ತಿಯಲ್ಲಿ ಎರಡನೆಯದು, ಅದು ಮಧ್ಯಾಹ್ನ 12:18ರ ಸುಮಾರಿಗೆ. ಬಲಗಡೆ ಪಶ್ಚಿಮದ ಕಡ್ಡಿಯಿಂದಲೂ ಅಷ್ಟೇ ಹಿಂದಕ್ಕೆ ಮೂರನೆಯದು. ಮೂರನ್ನೂ ಕಣ್ಣಲ್ಲೇ ಸೇರಿಸಿ, ಸೂರ್ಯನ ದಾರಿ ಸಿಕ್ಕಿತು.

ಈ ಛತ್ರಿಯನ್ನು ಚಪ್ಪಟೆ ಮಾಡಿದರೆ ಅದೇ ನಿಮ್ಮ ಫ್ರೇಮ್. ಡೋಮ್‌ಮಾಸ್ಟರ್ ಅನ್ನುತ್ತಾರೆ: ಚೌಕದೊಳಗೆ ಒಂದು ವೃತ್ತ, ನಡುವೆ ನೆತ್ತಿ, ಅಂಚು ದಿಗಂತ, ವೃತ್ತದ ಕೆಳಭಾಗ ಪ್ರೇಕ್ಷಕರ ಎದುರು. ಭೂಪಟದಲ್ಲಿ ದಕ್ಷಿಣ ಕೆಳಗಿದ್ದರೆ ಪೂರ್ವ ಬಲಕ್ಕೆ. ಇಲ್ಲಿ ಎಡಕ್ಕೆ, ಏಕೆಂದರೆ ನಾವು ಕೆಳಗಿನಿಂದ ಮೇಲಕ್ಕೆ ನೋಡುತ್ತೇವೆ. ನೀವು ಭೂಪಟ ನೋಡಿ ಮಾಡಿರಬೇಕು, ಅಲ್ವಾ?

ಮೊಟ್ಟೆಯ ಲೆಕ್ಕ: ನಿಮ್ಮ 1920 ಪಿಕ್ಸೆಲ್ 360 ಡಿಗ್ರಿಗೆ ಹಂಚಿಹೋಯಿತು, 1080 ಪಿಕ್ಸೆಲ್ ಬರೀ 90 ಡಿಗ್ರಿಗೆ. ಅಡ್ಡಕ್ಕೆ ಡಿಗ್ರಿಗೆ ಐದು ಚಿಲ್ಲರೆ, ಎತ್ತರಕ್ಕೆ ಹನ್ನೆರಡು. ಹಾಗಂತ ವೃತ್ತದ ಮೇಲೇ ನೇರವಾಗಿ ಸೂರ್ಯನನ್ನು ಬರೆಯಲೂ ಬೇಡಿ. ಆಗ ದಿಗಂತದಲ್ಲಿ ಮೊಟ್ಟೆ ಎದ್ದು ನಿಲ್ಲುತ್ತದೆ, ಅಗಲಕ್ಕಿಂತ ಎತ್ತರ ಒಂದೂವರೆ ಪಟ್ಟು ಜಾಸ್ತಿ. 4096×2048ರ ಕಾಂಪ್ (ಕಾಂಪೊಸಿಷನ್) ಮಾಡಿ. ಅದು ಸುತ್ತಲಿನ 360 ಡಿಗ್ರಿಯ ನೋಟ. ಸೂರ್ಯ, ಅಕ್ಷರ, ಚಪ್ಪಟೆ ಚಿತ್ರ ಯಾವುದನ್ನೇ ಇಡುವಾಗಲೂ ವಿಆರ್ ಪ್ಲೇನ್ ಟು ಸ್ಫಿಯರ್ ಎಫೆಕ್ಟ್ ಹಾಕಿ. ಕೊನೆಗೆ ವಿಆರ್ ಕನ್ವರ್ಟರ್‌ನಲ್ಲಿ ಫಿಶ್‌ಐ ಫುಲ್‌ಡೋಮ್ ಆರಿಸಿ 2048ರ ಚೌಕಕ್ಕೆ ಇಳಿಸಿ. ವೃತ್ತದ ನಡುವೆ ನೆತ್ತಿಯ ಬದಲು ದಿಗಂತ ಬಂದರೆ ಟಿಲ್ಟ್ 90 ಡಿಗ್ರಿ ಮಾಡಿ ನೋಡಿ.

ಮಂಕಾಗುವುದಕ್ಕೆ ಕಾರಣ ಗುಮ್ಮಟವೇ. ಒಂದು ಗೋಡೆಯ ಬೆಳಕು ಎದುರು ಗೋಡೆಗೆ ಬಡಿದು ಅಲ್ಲಿನ ಕಪ್ಪನ್ನು ತಿನ್ನುತ್ತದೆ. ಅದಕ್ಕೇ ಎಷ್ಟೋ ಡಿಜಿಟಲ್ ತಾರಾಲಯಗಳಲ್ಲಿ ಒಳಮೈಗೆ ಅಚ್ಚ ಬಿಳಿ ಬಳಿಯದೆ ಬೂದು ಬಳಿಯುತ್ತಾರೆ. ನಿಮ್ಮ ಚಿತ್ರ ಪೂರ್ತಿ ಹಗಲಿನದು, ಕಷ್ಟವೇ. ಆಕಾಶಕ್ಕೆ ಸಂಜೆ ಏಳು ಗಂಟೆಯ ಗಾಢ ನೀಲಿ ಹಾಕಿ, ಸೂರ್ಯನೊಬ್ಬನೇ ಹೊಳೆಯಲಿ. ಮಕ್ಕಳು ಅದನ್ನೇ ಹಗಲು ಅಂತ ಒಪ್ಪಿಕೊಳ್ಳುತ್ತಾರೆ, ನಾನೇ ನೋಡಿದ್ದೇನೆ.

ರೆಂಡರ್ ಪಿಎನ್‌ಜಿ ಸೀಕ್ವೆನ್ಸ್ ಆಗಿಯೇ ಇರಲಿ, ಅಂದರೆ ಫ್ರೇಮಿಗೊಂದು ಚಿತ್ರದ ಫೈಲ್. ಸೆಕೆಂಡಿಗೆ 30ರಂತೆ 4 ನಿಮಿಷಕ್ಕೆ 7200 ಫ್ರೇಮ್. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು.

ಬ್ಲೆಂಡರ್_ಪ್ರೇಮಿ

ಒಂದು ಮುಖ್ಯ ಮಾತು ಉಳಿಯಿತು. ನೆರಳು ಬೀಳುವುದು ನೆಲದ ಮೇಲೆ. 180 ಡಿಗ್ರಿ ಗುಮ್ಮಟದಲ್ಲಿ ನೆಲವೇ ಇಲ್ಲ! ಕಂಬ ನೆಟ್ಟರೂ ಅದರ ಬುಡ ದಿಗಂತದ ಕೆಳಗೆ ಹೋಗುತ್ತದೆ.

ನಾನಾದರೆ 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಸೈಕಲ್ಸ್ ರೆಂಡರ್ ಎಂಜಿನ್ ಇಟ್ಟು, ಕ್ಯಾಮೆರಾ ಪನೋರಮಿಕ್, ಫಿಶ್‌ಐ ಈಕ್ವಿಡಿಸ್ಟೆಂಟ್, 180 ಡಿಗ್ರಿ ಮಾಡುತ್ತಿದ್ದೆ. ಪುಕ್ಕಟೆ ಸಾಫ್ಟ್‌ವೇರ್, ಚಿತ್ರ ನೇರವಾಗಿ ಡೋಮ್‌ಮಾಸ್ಟರ್ ಆಗಿಯೇ ಬರುತ್ತದೆ. ಕ್ಯಾಮೆರಾವನ್ನು ಮುಂದಕ್ಕೆ 40 ಡಿಗ್ರಿ ಬಗ್ಗಿಸಿ. ಎದುರಿಗೆ ನೆಲ ಮೇಲೆದ್ದು ಬರುತ್ತದೆ, ಕಂಬ, ನೆರಳು ಎರಡೂ ಕಾಣುತ್ತವೆ. ಆದರೆ ನೆತ್ತಿಯ ಸೂರ್ಯ ಅಷ್ಟೇ ಹಿಂದಕ್ಕೆ ಹೋಗುತ್ತಾನೆ. ಬಗ್ಗಿಸುವುದನ್ನು ಮಾತ್ರ ತೋರಿಸಬೇಡಿ. ದಿಗಂತ ಓಲಾಡಿದರೆ ಮಕ್ಕಳಿಗೆ ತಲೆ ಸುತ್ತುತ್ತದೆ. ಕಪ್ಪಿಗೆ ಫೇಡ್ ಮಾಡಿ, ಬಗ್ಗಿದ ನೋಟದಲ್ಲೇ ತೆರೆಯಿರಿ.

ವಿಜಯನಗರ_ಎಡಿಟರ್

ಮೇಡಂ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭೂಪಟ ನೋಡಿಯೇ ಮಾಡಿದ್ದೆ. ನಿನ್ನೆ ರಾತ್ರಿ ಮಗಳು ಛತ್ರಿ ಹಿಡಿದಳು, ನಾನು ಬೊಟ್ಟು ಅಂಟಿಸಿದೆ. "ಅಪ್ಪಾ, ಸೂರ್ಯ ಕೋಲಿನ ಹತ್ತಿರ ಬಂದ್ರೆ ನೆರಳು ಕಾಲ ಕೆಳಗೆ ಹೋಗುತ್ತೆ" ಅಂದಳು. ಚಿತ್ರದ ಮೊದಲ ಮಾತು ಅದನ್ನೇ ಇಡುತ್ತೇನೆ.

ಇವತ್ತು ಹತ್ತು ಸೆಕೆಂಡ್ ರೆಂಡರ್ ಮಾಡಿ ಗುಮ್ಮಟದಲ್ಲಿ ನೋಡಿದೆವು. ಸೂರ್ಯ ಗುಂಡಗಿದ್ದಾನೆ, ಎಡದಲ್ಲೇ ಹುಟ್ಟಿದ. ಆದರೆ ಅಳತೆ ಸರಿಯಾಗಿರಲಿ ಅಂತ ಅರ್ಧ ಡಿಗ್ರಿ ಇಟ್ಟೆ, ಸೊಳ್ಳೆಯಷ್ಟು ಕಾಣುತ್ತಾನೆ. ಅಕ್ಷರವೂ ಓದಲು ಆಗುತ್ತಿಲ್ಲ.

ನೆತ್ತಿನಕ್ಷತ್ರ

ನಿಮ್ಮ ಪ್ರೊಜೆಕ್ಟರ್‌ನಲ್ಲಿ ಇಡೀ ಆಕಾಶಕ್ಕೆ ಸಿಗುವುದು 1080 ಪಿಕ್ಸೆಲ್. ಡಿಗ್ರಿಗೆ ಆರು. ಅರ್ಧ ಡಿಗ್ರಿಯ ಸೂರ್ಯನಿಗೆ ಮೂರೇ ಪಿಕ್ಸೆಲ್! ಐದಾರು ಡಿಗ್ರಿಗೆ ದೊಡ್ಡದು ಮಾಡಿ, ಸುತ್ತ ಸ್ವಲ್ಪ ಗ್ಲೋ ಕೊಡಿ. ದೊಡ್ಡದಾಗಿ ತೋರಿಸಿದ್ದೇವೆ ಅಂತ ನಿರೂಪಣೆಯಲ್ಲಿ ಒಂದು ಮಾತು ಹೇಳಿಬಿಡಿ.

ಅಕ್ಷರಕ್ಕೆ ನಮ್ಮ ಒತ್ತುಗಳೇ ಅಳತೆಗೋಲು. "ಸೂರ್ಯ" ಅಂತ ಬರೆದು ಅದರ ಅರ್ಕಾವತ್ತು ಕೊನೆಯ ಸಾಲಿನ ಮಗುವಿಗೆ ಕಾಣುವ ತನಕ ದೊಡ್ಡದು ಮಾಡುತ್ತಾ ಹೋಗಿ. ಐದು ಡಿಗ್ರಿಗಿಂತ ಕಡಿಮೆ ಎತ್ತರ ಬೇಡ. ತೆಳು ಫಾಂಟ್ ಬೇಡ. ಎದುರಿಗೆ, ದಿಗಂತದಿಂದ 30 ಡಿಗ್ರಿ ಮೇಲೆ ಇಡಿ, ಕುತ್ತಿಗೆ ನೋಯುವುದಿಲ್ಲ. ಒಂದು ಸಲಕ್ಕೆ ಎರಡು ಮೂರು ಪದ ಸಾಕು. ಮಿಕ್ಕಿದ್ದನ್ನೆಲ್ಲ ಮಗಳ ದನಿಯಲ್ಲೇ ಹೇಳಿಸಿ.