ನೂರು ಕೆಜಿ ದಾಟಿದವರಿಗೆ 120 ಎಂಎಂ ಸಾಕಾ?

ಪ್ರಶ್ನೆ: ನಮಸ್ಕಾರ. ನನ್ನ ತೂಕ 104 ಕೆಜಿ, ಎತ್ತರ 5 ಅಡಿ 11 ಇಂಚು. ಒಂದು ವರ್ಷದಿಂದ ಹಾರ್ಡ್‌ಟೇಲ್‌ನಲ್ಲಿ (ಮುಂದೆ ಮಾತ್ರ ಸಸ್ಪೆನ್ಶನ್ ಇರೋ ಮೌಂಟನ್ ಸೈಕಲ್) ಬೆಂಗಳೂರಿನ ತುರಹಳ್ಳಿ, ಅವಲಹಳ್ಳಿ ಕಡೆ ಓಡಿಸ್ತಿದ್ದೀನಿ. ಹತ್ತೋದು ಪರವಾಗಿಲ್ಲ, ಇಳಿಯೋದ್ರಲ್ಲಿ ಇನ್ನೂ ಹೊಸಬ. ಹಿಂದೆಯೂ ಶಾಕ್ ಇರೋ ಫುಲ್ ಸಸ್ಪೆನ್ಶನ್ ಸೈಕಲ್ ತಗೋಬೇಕು ಅಂತಿದ್ದೀನಿ. ಅಂಗಡಿಯವರು 120 ಎಂಎಂ ಟ್ರಾವೆಲ್ (ಸಸ್ಪೆನ್ಶನ್‌ನಿಂದ ಚಕ್ರ ಮೇಲೆ ಕೆಳಗೆ ಚಲಿಸೋ ದೂರ) ಇರೋದನ್ನ ತೋರಿಸಿದ್ರು. ಜೊತೆಗೆ ಬರೋ ಗೆಳೆಯರು "ನಿನ್ನ ತೂಕಕ್ಕೆ 150 ಇಲ್ದಿದ್ರೆ ಶಾಕ್ ಢಮಾರ್" ಅಂತಾರೆ. ಯಾರ ಮಾತು ಕೇಳಲಿ?

ಸಸ್ಪೆನ್ಶನ್ ಮೆಕ್ಯಾನಿಕ್: ಸರ್, ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿದೆ. ತೂಕದ ಲೆಕ್ಕ ತೀರೋದು ಸ್ಪ್ರಿಂಗ್, ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತವನ್ನ ತಡೆಯೋ ವ್ಯವಸ್ಥೆ), ಚಕ್ರ, ಬ್ರೇಕ್‌ಗಳಲ್ಲಿ. ಟ್ರಾವೆಲ್ ಎಷ್ಟಿರಬೇಕು ಅನ್ನೋದು ನೀವು ಎಂಥ ದಾರಿಯಲ್ಲಿ, ಎಷ್ಟು ವೇಗದಲ್ಲಿ ಇಳೀತೀರಿ, ಎಷ್ಟು ತಪ್ಪು ಮಾಡ್ತೀರಿ ಅನ್ನೋದರ ಮೇಲೆ.

ಏರ್ ಶಾಕ್‌ನಲ್ಲಿ ಗಾಳಿಯೇ ಸ್ಪ್ರಿಂಗ್. 70 ಕೆಜಿಯವರು ಅವರ ತೂಕಕ್ಕೆ, ನೀವು ನಿಮ್ಮ ತೂಕಕ್ಕೆ ಸರಿಯಾಗಿ ಗಾಳಿ ತುಂಬಿಸಿದರೆ ಒಂದೇ ಕಲ್ಲಿನ ಮೇಲೆ ಇಬ್ಬರ ಶಾಕೂ ಹೆಚ್ಚುಕಮ್ಮಿ ಅಷ್ಟೇ ಒಳಗೆ ಹೋಗುತ್ತೆ. ಹಾಗಾಗಿ 104 ಕೆಜಿ ಅಂದಮಾತ್ರಕ್ಕೆ 120 ಎಂಎಂ ಕಮ್ಮಿ ಆಗಲ್ಲ. ತೊಂದರೆ ಬರೋದು ಆ ಗಾಳಿಯ ಒತ್ತಡ ಶಾಕ್ ತಡೆಯೋ ಮಿತಿ ಹತ್ತಿರ ಹೋದಾಗ. ಮಿತಿ ಶಾಕ್ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ಇರುತ್ತೆ, ಸಾಮಾನ್ಯವಾಗಿ 300ರಿಂದ 350 ಪಿಎಸ್‌ಐ (ಗಾಳಿ ಒತ್ತಡದ ಅಳತೆ).

ಕೊಳ್ಳೋ ಮೊದಲು ಒಂದು ಭಾಗಾಕಾರ ಮಾಡಿ: ಹಿಂದಿನ ಟ್ರಾವೆಲ್ ಭಾಗಿಸು ಶಾಕ್‌ನ ಸ್ಟ್ರೋಕ್, ಅಂದರೆ ಶಾಕ್ ತಾನೇ ಎಷ್ಟು ಎಂಎಂ ಒಳಗೆ ಹೋಗುತ್ತೋ ಅದು. 120 ಎಂಎಂ ಟ್ರಾವೆಲ್‌ಗೆ 45 ಸ್ಟ್ರೋಕ್ ಇದ್ದರೆ 2.67. ಅದೇ 120ಕ್ಕೆ 50 ಇದ್ದರೆ 2.4. 140ಕ್ಕೆ 50 ಇದ್ದರೆ 2.8. ಈ ಸಂಖ್ಯೆ ಹೆಚ್ಚಾದಷ್ಟೂ ಅದೇ ಸವಾರನಿಗೆ ಹೆಚ್ಚು ಗಾಳಿ ಬೇಕು, ರಿಬೌಂಡ್ (ಒತ್ತಿದ ಶಾಕ್ ವಾಪಸ್ ಬರೋ ವೇಗದ ನಿಯಂತ್ರಣ) ಮೇಲೆ ಹೊರೆಯೂ ಜಾಸ್ತಿ. ನಿಮ್ಮ ತೂಕದವರಿಗೆ 2.5ರ ಆಸುಪಾಸು ಇದ್ದರೆ ನೆಮ್ಮದಿ. ಜಾಸ್ತಿ ಟ್ರಾವೆಲ್ ಇರೋ ಸೈಕಲ್ಲು ಭಾರದವರಿಗೆ ತಾನಾಗೇ ಒಳ್ಳೇದು ಅನ್ನೋ ಮಾತು ಇಲ್ಲೇ ಬಿದ್ದುಹೋಯ್ತು ನೋಡಿ.

ಆಮೇಲೆ ಫ್ರೇಮಿನ ದರ್ಜೆ. ಎಎಸ್‌ಟಿಎಂ (ಮಾನದಂಡ ನಿಗದಿ ಮಾಡೋ ಸಂಸ್ಥೆ) ದರ್ಜೆ 3 ಅಂದರೆ ಸುಮಾರು 61 ಸೆಂಮೀ ವರೆಗಿನ ಜಿಗಿತಕ್ಕೆ, 4 ಅಂದರೆ 122 ಸೆಂಮೀ ವರೆಗೆ. 100 ಎಂಎಂ ರೇಸ್ ಸೈಕಲ್ಲುಗಳು ಸಾಮಾನ್ಯವಾಗಿ 3. 120–130ರಲ್ಲಿ ಎರಡೂ ಸಿಗುತ್ತೆ, ನೀವು 4 ಇರೋದನ್ನೇ ಕೇಳಿ. ತೂಕದ ಮಿತಿಯನ್ನೂ ಓದಿ. ಕೆಲವು ಕಂಪನಿ ಸವಾರ ಮತ್ತು ಸಾಮಾನು ಮಾತ್ರ ಲೆಕ್ಕ ಹಾಕ್ತವೆ, ಕೆಲವು ಸೈಕಲ್ಲಿನ ತೂಕವನ್ನೂ ಸೇರಿಸ್ತವೆ. ನೀವು 104, ಹೆಲ್ಮೆಟ್ಟು, ಶೂ, ನೀರಿನ ಬ್ಯಾಗು 4, ಸೈಕಲ್ಲು 14 ಅಂದ್ರೆ ಒಟ್ಟು 122. ಮಿತಿ ಎಲ್ಲಾ ಸೇರಿ 120 ಅಂತಿದ್ದರೆ ಅದು ನಿಮಗಲ್ಲ.

ಮರುಪ್ರಶ್ನೆ: ಥ್ಯಾಂಕ್ಸ್ ಸರ್. ಹಾಗಾದ್ರೆ ಇದೇ ತೂಕದ ನನ್ನ ಪರಿಚಯದವರ 120 ಎಂಎಂ ಸೈಕಲ್ಲು ಕಲ್ಲಿನ ಮೇಲೆಲ್ಲಾ ಕುಣಿಯುತ್ತಲ್ಲ, ಯಾಕೆ? ಟ್ರಾವೆಲ್ ಸಾಲದೇ ಅಲ್ವಾ?

ಸಸ್ಪೆನ್ಶನ್ ಮೆಕ್ಯಾನಿಕ್: ನೂರಕ್ಕೆ ನೂರು ಹೇಳಕ್ಕಾಗಲ್ಲ, ಆದರೆ ಮೊದಲು ಅನುಮಾನ ಪಡಬೇಕಾದ್ದು ಗಾಳಿ. ಶಾಕ್ ಒಂದೆರಡು ಸಲ ತಳ ಮುಟ್ಟಿ 'ಟಣ್' ಅಂದ ತಕ್ಷಣ ಜನ ಗಾಳಿ ಏರಿಸ್ತಾ ಹೋಗ್ತಾರೆ. ಸ್ಯಾಗ್, ಅಂದರೆ ಸವಾರ ಕೂತಾಗ ಶಾಕ್ ಇಳಿಯೋ ಪ್ರಮಾಣ, ಶೇ. 25–30 ಇರಬೇಕಾದ್ದು ಶೇ. 10ಕ್ಕೆ ಬರುತ್ತೆ. ಆಗ ಹಿಂದಿನ ಚಕ್ರ ಬೇರು, ಕಲ್ಲು ಅನುಸರಿಸಲ್ಲ, ಪುಟಿಯುತ್ತೆ. ಮಾಡಬೇಕಾದ ಕ್ರಮ ಹೀಗೆ:

ರೈಡಿಗೆ ಹೋಗೋ ಪೂರ್ತಿ ವೇಷದಲ್ಲಿ, ನೀರಿನ ಬ್ಯಾಗ್ ಸಮೇತ ಅಳೀರಿ. ಶಾಕ್ ಪಂಪ್ ಬೇಕು, ಟಯರಿನ ಪಂಪು ಆಗಲ್ಲ. ಹಿಂದಿನ ಶಾಕ್‌ಗೆ ದೇಹದ ತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್‌ಐ ಇಂದ ಶುರು ಮಾಡಿ. ನಿಮಗೆ 230ರ ಹತ್ತಿರ. ಒಂದೇ ಸಲ ತುಂಬಬೇಡಿ. ಪ್ರತಿ 50 ಪಿಎಸ್‌ಐಗೊಮ್ಮೆ ನಿಲ್ಲಿಸಿ, ಸೀಟನ್ನ ಹತ್ತು ಸಲ ಒತ್ತಿ, ಒಳಗಿನ ಎರಡೂ ಕೋಣೆಗೆ ಗಾಳಿ ಸಮನಾಗಲಿ. ಗೋಡೆಗೆ ಮೊಣಕೈ ಕೊಟ್ಟು ಸೀಟಿನ ಮೇಲೆ ಮೆಲ್ಲಗೆ ಕೂರಿ, ಶಾಕಿನ ಕಡ್ಡಿ ಮೇಲಿರೋ ರಬ್ಬರ್ ಉಂಗುರವನ್ನ ಸೀಲಿಗೆ ತಾಗಿಸಿ, ಪುಟಿಯದೆ ಇಳೀರಿ. 45 ಎಂಎಂ ಸ್ಟ್ರೋಕ್‌ಗೆ ಶೇ. 27 ಅಂದರೆ ಉಂಗುರ 12 ಎಂಎಂ ಸರಿದಿರಬೇಕು. ಮುಂದಿನ ಫೋರ್ಕ್ (ಮುಂದಿನ ಚಕ್ರದ ಸಸ್ಪೆನ್ಶನ್) 130 ಎಂಎಂ ಆದರೆ ಪೆಡಲ್ ಮೇಲೆ ನಿಂತು ಅಳೀರಿ, ಶೇ. 20 ಅಂದ್ರೆ 26 ಎಂಎಂ. ಪಂಪ್ ಬಿಚ್ಚುವಾಗ 'ಪುಸ್' ಅನ್ನೋದು ಪೈಪಿನಲ್ಲಿದ್ದ ಗಾಳಿ, ಶಾಕಿನದ್ದಲ್ಲ. ಮತ್ತೆ ಜೋಡಿಸಿದಾಗ ಮುಳ್ಳು ಕಮ್ಮಿ ತೋರಿಸೋದೂ ಅದಕ್ಕೇ. ಗಾಬರಿ ಬಿದ್ದು ಮತ್ತೆ ಮತ್ತೆ ತುಂಬಬೇಡಿ.

ಸ್ಯಾಗ್ ಸರಿ ಇದ್ದೂ ತಳ ಹೊಡೀತಿದ್ರೆ ಗಾಳಿ ಮುಟ್ಟಬೇಡಿ, ಒಂದು ವಾಲ್ಯೂಮ್ ಸ್ಪೇಸರ್ (ಶಾಕಿನ ಒಳಗೆ ಜಾಗ ತುಂಬೋ ಸಣ್ಣ ತುಂಡು) ಹಾಕಿಸಿ. ಗಾಳಿ ಕೋಣೆ ಚಿಕ್ಕದಾಗಿ ಸ್ಟ್ರೋಕಿನ ಕೊನೆ ಭಾಗ ಮಾತ್ರ ಗಟ್ಟಿಯಾಗುತ್ತೆ. ಒಂದು ರೈಡಿಗೆ ಒಮ್ಮೆ ಉಂಗುರ ತುದಿ ಮುಟ್ಟೋದು ತಪ್ಪಲ್ಲ, ಟ್ರಾವೆಲ್ ಇರೋದೇ ಬಳಸೋಕೆ.

ಗಾಳಿ ಜಾಸ್ತಿ ಅಂದ್ರೆ ವಾಪಸ್ ತಳ್ಳೋ ಬಲವೂ ಜಾಸ್ತಿ, ಹಾಗಾಗಿ ರಿಬೌಂಡನ್ನ ನಿಧಾನದ ಕಡೆ ತಿರುಗಿಸಬೇಕು. ಕೂತುಕೊಂಡೇ ಫುಟ್‌ಪಾತಿನ ಅಂಚಿನಿಂದ ಇಳಿಸಿ ನೋಡಿ: ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ತೂಗಿದರೆ ಇನ್ನೊಂದು ಕ್ಲಿಕ್. ನಾಬ್ ಪೂರ್ತಿ ಮುಚ್ಚಿದ ಮೇಲೂ ಒದ್ದರೆ ಆ ಶಾಕ್ ನಿಮ್ಮ ತೂಕಕ್ಕೆ ಟ್ಯೂನ್ ಆಗಿಲ್ಲ ಅಂತ. ಒಳಗಿನ ಶಿಮ್ (ಎಣ್ಣೆಯ ಹರಿವನ್ನ ತಡೆಯೋ ತೆಳು ಬಿಲ್ಲೆ) ಬದಲಾಯಿಸಬೇಕಾಗುತ್ತೆ.

ಟ್ರೇಲ್ ಕೋಚ್: ಸರ್ ಹೇಳಿದ್ದಕ್ಕೆ ಕೌಶಲದ ಕಡೆಯಿಂದ ಸೇರಿಸ್ತೀನಿ. ಹೊಸಬರಿಗೆ ನಾನಂತೂ 100 ಎಂಎಂ ರೇಸ್ ಸೈಕಲ್ ಬೇಡ ಅಂತೀನಿ. ಅದಕ್ಕೆ ಕಾರಣ ಟ್ರಾವೆಲ್‌ಗಿಂತ ಜ್ಯಾಮಿತಿ. ಹಳೇ ಕಾಲದ ರೇಸ್ ಸೈಕಲ್ಲುಗಳ ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ವಾಲಿರೋ ಕೋನ) 69–71 ಡಿಗ್ರಿ. ತುರಹಳ್ಳಿಯ ಬಂಡೆಯಿಂದ ಮುಂದಿನ ಚಕ್ರ ಕೆಳಗಿಳಿದು ಬ್ರೇಕ್ ಹಿಡಿದ ಕ್ಷಣ ಫೋರ್ಕ್ ಕುಸಿದು ಕೋನ ಇನ್ನೂ ನೆಟ್ಟಗಾಗುತ್ತೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ. 65.5–66.5 ಡಿಗ್ರಿ ಇರೋ 120–130 ಎಂಎಂ ಟ್ರೇಲ್ ಸೈಕಲ್ಲು ಅದೇ ಬಂಡೆಯಲ್ಲಿ ಎಷ್ಟೋ ಸಮಾಧಾನ. 150 ಎಂಎಂ ತಪ್ಪು ಲೈನನ್ನ ಕ್ಷಮಿಸುತ್ತೆ, ಸುಳ್ಳಲ್ಲ. ಆದರೆ ನಮ್ಮ ಊರಿನ ಟ್ರೇಲುಗಳಲ್ಲಿ ಪೆಡಲ್ ಹೊಡೆಯೋದೇ ಹೆಚ್ಚು, ಇಳಿಜಾರು ತುಂಡು ತುಂಡು. ಕಡಿದಾದ ಉದ್ದ ಇಳಿಜಾರಿಗೆ ಪದೇ ಪದೇ ಹೋಗೋರಿಗೆ ಮಾತ್ರ ಅದು ಬೇಕು.

ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟನ್ನ ಮೇಲೆ ಕೆಳಗೆ ಮಾಡೋ ಕಂಬ) ಇಲ್ಲದ್ದನ್ನ ತಗೋಬೇಡಿ. ಸೀಟು ಮೇಲಿದ್ದರೆ ಹೊಸಬರು ಇಳಿಜಾರಲ್ಲೂ ಕೂತೇ ಇರ್ತಾರೆ, ಆಗ 104 ಕೆಜಿಯ ಬಹುಪಾಲು ಹಿಂದಿನ ಶಾಕ್ ಮೇಲೆ ಬೀಳುತ್ತೆ. ಸೀಟು ಇಳಿಸಿ, ಪೆಡಲ್ ಎರಡೂ ಒಂದೇ ಎತ್ತರದಲ್ಲಿ, ಮಂಡಿ ಮೊಣಕೈ ಸಡಿಲ, ಅಷ್ಟಾದ್ರೆ ಹೊಡೆತದ ದೊಡ್ಡ ಪಾಲು ಕಾಲೇ ತಗೊಳ್ಳುತ್ತೆ. ಅಂದಹಾಗೆ ತುರಹಳ್ಳಿ ಅರಣ್ಯ ಇಲಾಖೆ ಜಾಗ, ಸೈಕಲ್ ಬಿಡ್ತಾರಾ ಅಂತ ಕೇಳಿಕೊಂಡೇ ಒಳಗೆ ಹೋಗಿ.

ಇನ್ನೊಬ್ಬ ಸದಸ್ಯರು: ಬ್ರೇಕು, ಟಯರು ಯಾವುದಿರಬೇಕು ಹೇಳಿ ಸರ್. ನಾನೂ ಶತಕವೀರ 😄

ಸಸ್ಪೆನ್ಶನ್ ಮೆಕ್ಯಾನಿಕ್: ದುಡ್ಡು ಹಾಕಬೇಕಾದ್ದೇ ಅಲ್ಲಿ. 29x2.4 ಇಂಚಿನ ಟಯರ್, ಒಳಗಲ 28–30 ಎಂಎಂ ಇರೋ ರಿಮ್, ಹಿಂದೆ 32 ಸ್ಪೋಕ್, ಟ್ಯೂಬ್‌ಲೆಸ್. ಚಕ್ರಕ್ಕೆ 100–120 ಮಿಲಿ ಸೀಲೆಂಟ್ (ತೂತು ಮುಚ್ಚೋ ದ್ರವ), ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ, ಒಣಗಿರುತ್ತೆ. ಗಾಳಿ ಮುಂದೆ 24–26, ಹಿಂದೆ 27–30 ಪಿಎಸ್‌ಐ ಇಂದ ಶುರು ಮಾಡಿ. ತೆಳು ಕೇಸಿಂಗಿನ ರೇಸ್ ಟಯರ್ ಬೇಡ, ಬಂಡೆ ಅಂಚಿಗೆ ತಾಗಿ ರಿಮ್ಮಿಗೆ ಪೆಟ್ಟು ಬೀಳುತ್ತೆ.

ಬ್ರೇಕ್ ಹೈಡ್ರಾಲಿಕ್, ಮುಂದೆ ನಾಲ್ಕು ಪಿಸ್ಟನ್ ಆದರೆ ಒಳ್ಳೇದು. ರೋಟರ್ (ಬ್ರೇಕಿನ ಡಿಸ್ಕ್) ಮುಂದೆ 203, ಹಿಂದೆ 180 ಎಂಎಂ, ಫ್ರೇಮು ಫೋರ್ಕು ಅಷ್ಟಕ್ಕೆ ಒಪ್ಪುತ್ತಾ ನೋಡಿಕೊಂಡು. 160ರ ರೋಟರಿನಲ್ಲಿ ನಂದಿ ಬೆಟ್ಟದ ಡಾಂಬರು ರಸ್ತೆ ಒಂದೇ ಸಮ ಬ್ರೇಕ್ ಹಿಡಿದು ಇಳಿದ್ರೆ ಪ್ಯಾಡ್ ಕಾದು ಲಿವರ್ ಎಷ್ಟು ಒತ್ತಿದ್ರೂ ಹಿಡಿತ ಸಿಗದ ಹಾಗಾಗುತ್ತೆ. ಅಗ್ಗದ ರೋಟರುಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಸಣ್ಣಕ್ಷರದಲ್ಲಿ ಕೊರೆದಿರುತ್ತೆ, ಅದಕ್ಕೆ ಮೆಟಲ್ ಪ್ಯಾಡ್ ಹಾಕಿದ್ರೆ ರೋಟರ್ ಬೇಗ ಸವೆಯುತ್ತೆ.

ಮತ್ತೊಬ್ಬರು: ನನ್ನ ಹಾರ್ಡ್‌ಟೇಲಿನ 100 ಎಂಎಂ ಕಾಯಿಲ್ ಫೋರ್ಕ್ (ಲೋಹದ ಸ್ಪ್ರಿಂಗಿನದ್ದು) ತೆಗೆದು 140 ಹಾಕಿದ್ರೆ ಆಗುತ್ತಾ ಗುರು? ತೂಕ 96.

ಸಸ್ಪೆನ್ಶನ್ ಮೆಕ್ಯಾನಿಕ್: 140 ಬೇಡ. 20 ಎಂಎಂ ಏರಿಸಿದ್ರೆ ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ಮಲಗುತ್ತೆ, ಫ್ರೇಮಿನ ಕುತ್ತಿಗೆ ಮೇಲೆ ಎಳೆತವೂ ಏರುತ್ತೆ. ಕಂಪನಿ ಒಪ್ಪಿದ್ದರೆ 120ರ ಏರ್ ಫೋರ್ಕ್ ಹಾಕಿ, ಇಲ್ಲಾಂದ್ರೆ 100ರದ್ದೇ ಏರ್ ಫೋರ್ಕ್. ನಿಮ್ಮ ಕಾಯಿಲ್ ಫೋರ್ಕಿನ ಪ್ರಿಲೋಡ್ ನಾಬ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಶುರುವಿನಲ್ಲಿ ಸ್ವಲ್ಪ ಬಿಗಿಯಾಗುತ್ತೆ ಅಷ್ಟೇ.

ಮೊದಲ ಪ್ರಶ್ನೆ ಕೇಳಿದವರು: ಸೆಕೆಂಡ್ ಹ್ಯಾಂಡ್ 130 ಎಂಎಂ ಒಂದು ನೋಡಿದ್ದೀನಿ, ಮುಂದೆ 140, ದರ್ಜೆ 4. ಏನು ಪರೀಕ್ಷೆ ಮಾಡಲಿ?

ಸಸ್ಪೆನ್ಶನ್ ಮೆಕ್ಯಾನಿಕ್: ಅಳತೆ ನಿಮಗೆ ಸರಿಯಾಗಿದೆ. ಸೀಟು ಹಿಡಿದು ಹಿಂಬದಿಯನ್ನ ಮೆಲ್ಲಗೆ ಎತ್ತಿ. ಚಕ್ರ ನೆಲ ಬಿಡೋ ಮೊದಲು 'ಟಕ್' ಅಂದರೆ ಶಾಕ್ ಬುಶ್ (ಶಾಕಿನ ತುದಿಯ ಕೊಳವೆ) ಇಲ್ಲವೇ ಪಿವಟ್ ಬೇರಿಂಗ್ (ಫ್ರೇಮಿನ ಕೀಲುಗಳದ್ದು) ಸವೆದಿದೆ. ಬುಶ್ ಆದರೆ ಸಣ್ಣ ಖರ್ಚು, ಬೇರಿಂಗ್ ಸೆಟ್ ಆದರೆ ಬೆಲೆಯಲ್ಲಿ ಚೌಕಾಸಿ ಮಾಡಿ. ಫೋರ್ಕಿನ ಹೊಳೆಯೋ ಕಾಲಿಗೆ ಉಗುರು ಹಾಯಿಸಿ, ಗೀರು ಉಗುರಿಗೆ ಸಿಕ್ಕಿಕೊಂಡ್ರೆ ಕೈಬಿಡಿ, ಕೆಂಪು ಧೂಳು ಅಲ್ಲಿಂದಲೇ ಒಳಗಿಳಿಯುತ್ತೆ. ಹಿಂದಿನ ಚಕ್ರದ ಸ್ಪೋಕ್‌ಗಳನ್ನ ಎರಡೆರಡಾಗಿ ಹಿಂಡಿ, ಯಾವುದೂ ಜೋಲು ಇರಬಾರದು. ಕೊಂಡ ಮೇಲೆ ಲೋಯರ್ (ಫೋರ್ಕಿನ ಕೆಳಭಾಗ) ಮತ್ತು ಏರ್ ಕ್ಯಾನ್ (ಶಾಕಿನ ಗಾಳಿ ಕೊಳವೆ) ಸರ್ವೀಸ್ ಮಾಡಿಸಿಯೇ ಓಡಿಸಿ. ಆಮೇಲೆ 50 ಗಂಟೆ ರೈಡಿಗೊಮ್ಮೆ.