ಅಪ್‌ಡೇಟ್: ಪಾರಿವಾಳದ ಮುಚ್ಚಳ ಬಿಚ್ಚಿತು

ಸೋದರತ್ತೆ ಕೊಟ್ಟ ನೀನಾ ರಿಚ್ಚಿಯ 'ಲೇರ್ ದು ತಾಂ' ಸೆಂಟ್ ಬಾಟಲಿ ಬಗ್ಗೆ ಕೇಳಿದ್ದೆನಲ್ಲ, ಪಾರಿವಾಳದ ಆಕಾರದ ಗಾಜಿನ ಮುಚ್ಚಳ ಕಚ್ಚಿಕೊಂಡಿದೆ, ಈ ಬಾಟಲಿ ಫ್ರಾನ್ಸಿನ ಹೆಸರಾಂತ ಗಾಜು ಕಲಾವಿದ ರೆನೆ ಲಾಲೀಕ್ ಮಾಡಿದ್ದಾ ಅಂತ. ಎರಡಕ್ಕೂ ಉತ್ತರ ಸಿಕ್ಕಿತು.

ಕತ್ತಿನ ಸಂದಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಅಲ್ಲಾಡಲಿಲ್ಲ. ಮತ್ತೆ ಎಣ್ಣೆ ಬಿಟ್ಟು, ಮರದ ಸೌಟಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಸಂದಿಯಲ್ಲಿ ಒಣಗಿದ ಸೆಂಟ್ ಅಂಟಿನಂತೆ ಹಿಡಿದಿರುತ್ತದೆ, ಅದು ಮೆತ್ತಗಾಗಲು ಸಮಯ ಬೇಕು. ಯಾರಾದರೂ ಪ್ರಯತ್ನಿಸುವುದಾದರೆ ದಯವಿಟ್ಟು ಪಾರಿವಾಳದ ರೆಕ್ಕೆ ಹಿಡಿದು ತಿರುಗಿಸಬೇಡಿ, ಮುರಿಯುತ್ತದೆ. ಬುಡವನ್ನೇ ಹಿಡಿಯಿರಿ. ಬಿಸಿನೀರಿಗೂ ಹಾಕಬೇಡಿ, ಹಳೇ ಗಾಜು ಸೀಳಬಹುದು. ಬಿಚ್ಚಿದಾಗ ಬಂದ ವಾಸನೆ ಎಷ್ಟು ಚೆನ್ನಾಗಿತ್ತು ಅಂದರೆ, ಅತ್ತೆಗೆ ತಕ್ಷಣ ಫೋನ್ ಮಾಡಿದೆ!

ಇನ್ನು ಕಾಲದ ವಿಷಯ. ರೆನೆ ಲಾಲೀಕ್ ತೀರಿಕೊಂಡಿದ್ದು 1945ರಲ್ಲಿ. ಈ ಸೆಂಟ್ ಬಂದಿದ್ದೇ 1948ರಲ್ಲಿ. ಜೋಡಿ ಪಾರಿವಾಳದ ಈ ಬಾಟಲಿಯನ್ನು 1951ರಲ್ಲಿ ರೂಪಿಸಿದ್ದು ಅವರ ಮಗ ಮಾರ್ಕ್. ನನ್ನ ಬಾಟಲಿಯ ತಳದಲ್ಲೂ ಬರೀ 'ಲಾಲೀಕ್' ಅಂತಿದೆ, ಹೆಸರಿನ ಮೊದಲು ರೆನೆ ಕಾಲದ ಬಾಟಲಿಗಳಲ್ಲಿರುವ 'ಆರ್' ಅಕ್ಷರ ಇಲ್ಲ. ಹಾಗಂತ ಬೆಲೆ ಕಮ್ಮಿ ಅಂತ ನನಗನ್ನಿಸಲ್ಲ. ಯುದ್ಧ ಮುಗಿದ ಮೇಲಿನ ಶಾಂತಿಯ ಪಾರಿವಾಳ ಅಲ್ವಾ, ನನಗಂತೂ ಇದೇ ಇಷ್ಟ.

ತಳದ ಕಂದು ಕಲೆಯನ್ನು ಸ್ವಲ್ಪ ಸ್ಪಿರಿಟ್ ಹಾಕಿ ಅಲ್ಲಾಡಿಸಿ ತೆಗೆಯುತ್ತೇನೆ. ಸೂಚನೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.